ಅಮ್ಮನ ಗಿಡದ ಬಿಳಿ ಗೆರೆ

ನನಗೆ ಬಾಯಿ ಜಾಸ್ತಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಈಗ ಹೇಳಹೊರಟಿರುವ ಕತೆಯಲ್ಲಿ ಅರ್ಧ ರಾದ್ಧಾಂತಕ್ಕೆ ನನ್ನ ಬಾಯಿಯೇ ಕಾರಣ, ಉಳಿದರ್ಧಕ್ಕೆ ನಮ್ಮಮ್ಮನ ಹಟ. ನಡುವೆ ಒಂದು ಗುಲಾಬಿ ಗಿಡವೂ ಬರುತ್ತದೆ, ಪಾಪ, ಅದರದ್ದೇನೂ ತಪ್ಪಿಲ್ಲ.

ಹೊಸೂರು ರಸ್ತೆಯಲ್ಲಿ ಫ್ಲೈಓವರ್‌ನ ಕಂಬಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ಎಲೆಕ್ಟ್ರಾನಿಕ್ ಸಿಟಿಯಿಂದ ಆನೇಕಲ್ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಊರು ಅಂತ ನಾವು ಕರೆಯುತ್ತಿದ್ದೆವು. ಬಸ್ಸಿನ ಕಂಡಕ್ಟರುಗಳು ಆಗಲೇ ಎದುರಿನ ಕಂಪನಿಯ ಗೇಟಿನ ಹೆಸರು ಕೂಗಿ ನಮ್ಮನ್ನು ಇಳಿಸಲು ಶುರುಮಾಡಿದ್ದರು. ಅಪ್ಪ ಬದುಕಿದ್ದಾಗಲೇ ರಾಗಿ ಹೊಲದಲ್ಲಿ ಎರಡು ಸಾಲು ಬಾಡಿಗೆ ಮನೆ ಎದ್ದಿದ್ದವು. ಹಿತ್ತಲಿನ ಕಾಲು ಎಕರೆಯನ್ನು ಮಾತ್ರ ಅಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ಅಲ್ಲಿ ಅವಳ ಗುಲಾಬಿ. "ಬಾಡಿಗೆ ಬರ್ತೈತೆ ಅಂತ ಸುಮ್ನೆ ಕೂತ್ಕಂಡು ತಿನ್ನಕ್ಕಾಯ್ತದಾ?" ಎಂದು ಬೆಳಕು ಹರಿಯುವ ಮುಂಚೆಯೇ ಸೆರಗು ಸಿಕ್ಕಿಸಿಕೊಂಡು ಹೂ ಬಿಡಿಸಲು ಹೊರಡುತ್ತಿದ್ದಳು.

ಆ ತೋಟದ ವಿಶೇಷವೆಂದರೆ, ಅಷ್ಟೂ ಗಿಡ ಒಂದೇ ಗಿಡ. ಮದುವೆಯಾಗಿ ಬರುವಾಗ ಅಮ್ಮ ತವರಿನಿಂದ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳಂತೆ. ಅದು ಚಿಗುರಿ ಗಿಡವಾಗಿ, ಅದರ ಕಡ್ಡಿ ಕತ್ತರಿಸಿ ನೆಟ್ಟದ್ದು ಇನ್ನೊಂದು ಗಿಡವಾಗಿ, ಹೀಗೇ ಕಾಲು ಎಕರೆ ತುಂಬಿತ್ತು. ಎಲ್ಲದರಲ್ಲೂ ಅದೇ ಕಡುಗೆಂಪು, ಅದೇ ಘಮ. ಬೇರೆ ಬಣ್ಣದ ಗುಲಾಬಿಯನ್ನು ಅಮ್ಮ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ನಾನು ಬಿ.ಎಸ್ಸಿ. ಮುಗಿಸಿ ಹತ್ತಿರದಲ್ಲೇ ಒಂದು ಟಿಶ್ಯೂ ಕಲ್ಚರ್ ಲ್ಯಾಬಿಗೆ ಸೇರಿಕೊಂಡಿದ್ದೆ. ಬಾಳೆಯ ಗೆಡ್ಡೆಯಿಂದ ಒಂದು ಚೂರು ತೆಗೆದು, ಗಾಜಿನ ಬಾಟಲಿಯೊಳಗೆ ಚಿಗುರಿಸಿ, ಆ ಚಿಗುರನ್ನು ಮತ್ತೆ ಚೂರು ಮಾಡಿ ಮತ್ತೆ ಚಿಗುರಿಸಿ, ಒಂದು ಬಾಳೆಯಿಂದ ಸಾವಿರಾರು ಬಾಳೆ ಮಾಡುವ ಕೆಲಸ. ಅಮ್ಮ ಕುಡುಗೋಲಿನಲ್ಲಿ ಮಾಡುತ್ತಿದ್ದುದನ್ನೇ ನಾವು ಏಸಿ ಕೋಣೆಯಲ್ಲಿ ಸಣ್ಣ ಚಾಕು ಹಿಡಿದು ಮಾಡುತ್ತಿದ್ದೆವು ಅಷ್ಟೆ. ದಿನವಿಡೀ ತಲೆಗೆ ಟೋಪಿ, ಬಾಯಿಗೆ ಬಟ್ಟೆ. "ಅಬ್ಬಾ, ಕೊನೆಗೂ ನಿನ್ ಬಾಯಿ ಕಟ್ಟೋರು ಸಿಕ್ಕಿದ್ರಲ್ಲ ಗುರು!" ಎಂದು ಅಣ್ಣ ಕೈಮುಗಿದಿದ್ದ. ಅವನು ಕಂಪನಿಗಳ ಕ್ಯಾಬ್ ಓಡಿಸುತ್ತಿದ್ದ. ಹೊರಗೆ ಹುಲಿ, ಅಮ್ಮನ ಎದುರು ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಲ್ಯಾಬಿನಲ್ಲಿ ಒಂದು ನಿಯಮವಿತ್ತು. ಸಾಲುಸಾಲು ಬಾಟಲಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಸಸಿ ಬೇರೆ ಥರ ಬರುತ್ತದೆ. ಎಲೆಯ ಮೇಲೆ ಬಿಳಿ ಪಟ್ಟೆ, ಇಲ್ಲವೇ ಗಿಡವೇ ಗಿಡ್ಡ. ಅದಕ್ಕೆ ನಾವು 'ಆಫ್ ಟೈಪ್' ಎನ್ನುತ್ತಿದ್ದೆವು. ಕಂಡ ಕೂಡಲೇ ಕಿತ್ತು ಬುಟ್ಟಿಗೆ ಹಾಕಬೇಕು. ಕೊಳ್ಳುವ ರೈತರಿಗೆ ಎಲ್ಲ ಗೊನೆಯೂ ಒಂದೇ ಥರ ಬೇಕು, ಅದು ನ್ಯಾಯವೇ. ನನ್ನ ಕಣ್ಣು ಅದರಲ್ಲಿ ಬಲು ಚುರುಕು. ಸೇರಿದ ಹೊಸದರಲ್ಲಿ ಊಟಕ್ಕೆ ಕೂತಾಗ ದಿನಾ ಅದೇ ಕೊಚ್ಚುವುದು: "ಇವತ್ತು ಎರಡು ಆಫ್ ಟೈಪ್ ಹಿಡಿದೆ ಕಣಮ್ಮ, ಕಿತ್ತು ಬಿಸಾಕಿದೆ." ಅಮ್ಮ ಮುದ್ದೆ ಮುರಿಯುತ್ತಾ "ಊಂ" ಅನ್ನುತ್ತಿದ್ದಳು. ತುಂಬು ಬಸುರಿಯಾಗಿದ್ದ ಅತ್ತಿಗೆ ನನ್ನ ತಟ್ಟೆಗೆ ಸಾರು ಬಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಅಂದಾಜು ನನಗೆಲ್ಲಿ ಬರಬೇಕು?

ಅತ್ತಿಗೆಯ ತವರು ಆನೇಕಲ್ಲಿನಲ್ಲಿ. ಅಲ್ಲೇ ಹೆರಿಗೆಯಾಯಿತು, ಹೆಣ್ಣು ಮಗು. ನಾವೆಲ್ಲ ಅಣ್ಣನ ಗಾಡಿಯಲ್ಲಿ ತುಂಬಿಕೊಂಡು ಹೋದೆವು. ಮಗು ದುಂಡಗೆ, ಕೆಂಪಗೆ, ತಲೆ ತುಂಬ ಕಪ್ಪು ಕೂದಲು. ಆದರೆ ಹಣೆಯ ಮೇಲೆ ನಟ್ಟನಡುವೆ ಒಂದು ಕುಚ್ಚು ಅಚ್ಚ ಬಿಳಿ. ಯಾರೋ ಸುಣ್ಣದಲ್ಲಿ ಬೆರಳದ್ದಿ ಎಳೆದ ಹಾಗೆ. ನನಗಂತೂ ಸಕ್ಕತ್ ಖುಷಿಯಾಯಿತು, ಹುಟ್ಟುತ್ತಲೇ ಸ್ಟೈಲ್ ಮಾಡಿಕೊಂಡು ಬಂದಿದೆಯಲ್ಲ ಎಂದು ನಕ್ಕೆ. ಅಮ್ಮ ನಗಲಿಲ್ಲ. ಮಗುವನ್ನು ಎತ್ತಿಕೊಳ್ಳಲೂ ಇಲ್ಲ. ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿದ್ದರು. ಕಿವಿ ಕೇಳಿಸುತ್ತದೆ, ಕಣ್ಣು ಚೆನ್ನಾಗಿದೆ, ಆ ಜಾಗದ ಕೂದಲಿಗೆ ಬಣ್ಣ ಬಂದಿಲ್ಲ, ಬೇರೆ ಏನೂ ತೊಂದರೆಯಿಲ್ಲ ಎಂದು ಎರಡೆರಡು ಸಲ ಹೇಳಿದರು. ನಮ್ಮ ಕಡೆ ಯಾರಿಗೂ ಹಾಗಿಲ್ಲ, ಅತ್ತಿಗೆಯ ಕಡೆಯೂ ಇಲ್ಲ.

ವಾಪಸು ಬರುವ ದಾರಿಯಲ್ಲಿ ಅಮ್ಮ ತೀರ್ಪು ಕೊಟ್ಟಳು. "ಗ್ರಹಣದ ದಿನ ನಿಮ್ಮತ್ತಿಗೆ ಸುಣ್ಣ ಮುಟ್ಟಿ ಅಣೆ ಒರೆಸ್ಕಂಡ್ಲು. ನಾನು ನೋಡ್ದೆ. ಅದಕ್ಕೇ ಇಂಗಾಗಿರೋದು."

"ಅಯ್ಯೋ, ಏನಮ್ಮ ನೀನು!" ಅಂದೆ. ಅಣ್ಣ ರಸ್ತೆ ನೋಡುತ್ತಾ ಗಾಡಿ ಓಡಿಸಿದ.

"ನೀನೇ ಏಳ್ತಿದ್ಯಲ್ಲ ದಿನಾ, ಅದೇನೋ ಆಪ್ ಟೈಪು ಅಂತ. ಅಂಗೇ ಇದೂನು."

ನನಗೆ ನಾಲಿಗೆ ಕಚ್ಚಿಕೊಂಡ ಹಾಗಾಯಿತು.

ನಮ್ಮಲ್ಲಿ ಬಾಣಂತಿಯನ್ನು ಗಂಡನ ಮನೆಯವರು ಹೋಗಿ ಕರೆದುಕೊಂಡು ಬರುವುದು ಪದ್ಧತಿ. ಅದೂ ಬೆಸ ತಿಂಗಳಲ್ಲಿ: ಮೂರು, ಐದು, ಏಳು, ಒಂಬತ್ತು. ಅತ್ತೆಯಾದವಳು ಸೀರೆ, ತೊಟ್ಟಿಲ ಬಟ್ಟೆ, ಹೂ ಹಣ್ಣು ಹಿಡಿದು ಹೋಗಬೇಕು. ಅವಳು ಹೋಗದಿದ್ದರೆ ಸೊಸೆ ತಾನಾಗಿ ಬರುವ ಹಾಗಿಲ್ಲ. ಮೂರನೇ ತಿಂಗಳು ಅಮ್ಮ "ಮಗು ಇನ್ನೂ ಅಸಿ" ಎಂದಳು. ಸರಿ. ಐದನೇ ತಿಂಗಳು ಹತ್ತಿರ ಬಂದಾಗ "ಕೂದ್ಲು ಬೋಳಿಸಿದ್ರೆ ಕರ್ರಗೆ ಬರ್ತೈತಂತೆ, ನೋಡಾನ" ಎಂದಳು. ಬೋಳಿಸಿದರು. ಅದು ಮತ್ತೆ ಬೆಳ್ಳಗೇ ಬಂತು, ಇನ್ನೂ ಠೀವಿಯಿಂದ ಬಂತು. ಭಾನುವಾರ ಭಾನುವಾರ ಅಣ್ಣ ಹೋಗಿ ಹೆಂಡತಿ ಮಗುವನ್ನು ನೋಡಿಕೊಂಡು ಬಂದು ಮೂಲೆ ಹಿಡಿದು ಕೂರುತ್ತಿದ್ದ. ಅಮ್ಮನ ಬಾಯಿಂದ ಹೋದದ್ದೋ ಅಣ್ಣನ ಬಾಯಿಂದ ಹೋದದ್ದೋ, 'ಆಫ್ ಟೈಪ್' ಅನ್ನುವ ಮಾತು ಆನೇಕಲ್ಲಿಗೂ ಮುಟ್ಟಿತು. ಅಲ್ಲಿಂದಾಚೆಗೆ ಅತ್ತಿಗೆ ನನ್ನ ಫೋನು ತೆಗೆಯುವುದನ್ನೇ ನಿಲ್ಲಿಸಿದಳು.

ನಾನು ಹೋಗಿ ನಮ್ಮ ಸೂಪರ್‌ವೈಸರ್ ಮೇಡಂ ಹತ್ತಿರ ಎಲ್ಲ ಕಾರಿಕೊಂಡೆ. ಅವರು ಬಾಟನಿಯಲ್ಲಿ ಎಂ.ಎಸ್ಸಿ., ಸಮಾಧಾನದ ಹೆಂಗಸು. ಟೀ ಹೊತ್ತಿನಲ್ಲಿ ಬಾಯಿಬಟ್ಟೆ ಕೆಳಗೆಳೆದು ಬಿಡಿಸಿ ಹೇಳಿದರು. "ನೋಡು, ಒಂದು ಜೀವಕೋಶ ಎರಡಾಗ್ಬೇಕಾದ್ರೆ ಒಳಗಿರೋ ಬರಹ ಪೂರ್ತಿ ಕಾಪಿ ಆಗ್ಬೇಕು. ಅಷ್ಟುದ್ದದ ಬರಹ, ಎಲ್ಲೋ ಒಂದಕ್ಷರ ಆಚೀಚೆ ಆಗುತ್ತೆ. ತಿದ್ದೋ ವ್ಯವಸ್ಥೇನೂ ಒಳಗೇ ಇದೆ, ಹೆಚ್ಚಿನದನ್ನ ತಿದ್ದಿಬಿಡುತ್ತೆ. ಒಂದೊಂದು ತಪ್ಪಿಸ್ಕೊಳ್ಳುತ್ತೆ. ಬಿಸಿಲು, ಕೆಲವು ಕೆಮಿಕಲ್ಲು ಇದನ್ನ ಜಾಸ್ತಿ ಮಾಡ್ತವೆ, ನಿಜ. ಆದ್ರೆ ಯಾರೂ ಏನೂ ಮಾಡ್ದೇ ಇದ್ರೂ ಆಗುತ್ತೆ."

"ಯಾಕಾಗುತ್ತೆ ಮೇಡಂ?"

"ಯಾಕೆ ಅಂತ ಇಲ್ಲ ಕಣೇ. ಆಗುತ್ತೆ. ನಿನ್ನಲ್ಲೂ ಇದೆ, ನನ್ನಲ್ಲೂ ಇದೆ. ಅಪ್ಪ ಅಮ್ಮನಲ್ಲಿ ಇಲ್ಲದೇ ಇರೋ ಒಂದಷ್ಟು ಹೊಸ ಬದಲಾವಣೆ ಎಲ್ರಲ್ಲೂ ಇರುತ್ತೆ. ನಿನ್ನದು ಕಾಣಿಸ್ತಿಲ್ಲ, ಆ ಮಗೂದು ಕಾಣಿಸ್ತಿದೆ. ಅಷ್ಟೇ." ಆಮೇಲೆ ನಗುತ್ತಾ ಇನ್ನೊಂದು ಮಾತು ಸೇರಿಸಿದರು. "ಲೆಕ್ಕಕ್ಕೆ ಅಂಥವು ಅಪ್ಪನ ಕಡೆಯಿಂದ ಬರೋದೇ ಜಾಸ್ತಿ."

ಇದನ್ನು ಅಮ್ಮನಿಗೆ ಹೇಗೆ ಹೇಳುವುದು? ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. ಅಮ್ಮನ ಹತ್ತಿರ ರಂಗೋಲಿಯ ಒಂದು ಹಳೇ ನೋಟ್‌ಬುಕ್ ಇದೆ. ಧನುರ್ಮಾಸ ಬಂತೆಂದರೆ ಬೀದಿಯ ಹೆಂಗಸರೆಲ್ಲ ಅದನ್ನು ನೋಡಿ ಬರೆದುಕೊಳ್ಳುತ್ತಾರೆ. ಅದರಲ್ಲಿ ಹದಿನೈದು ಚುಕ್ಕಿಯ ಒಂದು ತಾವರೆ, ಅಮ್ಮ ಎಂದೋ ಯಾರದ್ದೋ ಪುಸ್ತಕದಿಂದ ಇಳಿಸಿಕೊಳ್ಳುವಾಗ ಒಂದು ಚುಕ್ಕಿ ಬಿಟ್ಟುಹೋಗಿ ಒಂದು ದಳ ಓರೆಯಾಗಿದೆ. ಈಗ ಇಡೀ ಬೀದಿಯಲ್ಲಿ ತಾವರೆಯೆಂದರೆ ಓರೆ ದಳದ್ದೇ. ಪುಸ್ತಕ ತೆಗೆದು ಅದನ್ನು ತೋರಿಸಿ, "ಹಿಂಗೇ ಅಮ್ಮ, ಒಂದ್ ಚುಕ್ಕಿ ತಪ್ಪಿದೆ ಅಷ್ಟೇ, ಗ್ರಹಣವೂ ಇಲ್ಲ ಸುಣ್ಣವೂ ಇಲ್ಲ" ಅಂದೆ. ಅಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ಬಾಯಿ ಸುಮ್ಮನಿರಬೇಕಲ್ಲ? "ಹಾಗೆ ನೋಡಿದ್ರೆ ಅದು ಅಣ್ಣನ ಕಡೆಯಿಂದಲೇ ಬಂದಿರೋದು ಜಾಸ್ತಿಯಂತೆ" ಎಂದುಬಿಟ್ಟೆ.

"ನನ್ ಮಗನ ಮೇಲೇ ಆಕ್ತಿಯೇನೇ ಬಿತ್ರಿ!" ಎಂದು ಅಮ್ಮ ಪುಸ್ತಕ ಕಿತ್ತುಕೊಂಡು ಒಳಗೆ ಹೋದಳು. ಐದನೇ ತಿಂಗಳು ಹಾಗೆ ದಾಟಿತು.

ಅದಾದ ವಾರವೋ ಎರಡು ವಾರವೋ, ಒಂದು ಬೆಳಗ್ಗೆ ಅಮ್ಮ ತೋಟದಿಂದ ಕೂಗಿದಳು. ಹಾವೇನಾದರೂ ಕಂಡಿತೇ ಎಂದು ಓಡಿದೆ. ಬೇಲಿಯ ಪಕ್ಕದ ಗಿಡದ ಮುಂದೆ ಬುಟ್ಟಿ ಹಿಡಿದು ನಿಂತಿದ್ದಾಳೆ. ಗಿಡದಲ್ಲಿ ಎಲ್ಲ ಹೂವೂ ಎಂದಿನಂತೆ ಕೆಂಪು. ಒಂದು ರೆಂಬೆಯಲ್ಲಿ ಮಾತ್ರ ಎರಡು ಹೂವು ಅರಳಿದ್ದವು, ಒಂದೊಂದು ಎಸಳಿನ ಮೇಲೂ ಅಚ್ಚ ಬಿಳಿ ಗೆರೆ. ದಿನಾ ಬಾಟಲಿಯಲ್ಲಿ ಹಿಡಿದು ಬಿಸಾಕುತ್ತಿದ್ದುದು ನಮ್ಮ ಹಿತ್ತಲಲ್ಲೇ ಹೂ ಬಿಟ್ಟು ನಿಂತಿತ್ತು. ಆ ರೆಂಬೆ ಚಿಗುರಿದ ಕಣ್ಣಿನಲ್ಲಿ, ಒಂದು ಕೋಶ ಎರಡಾಗುವಾಗ, ಒಂದಕ್ಷರ ಆಚೀಚೆಯಾಗಿತ್ತು. ಅದರಿಂದ ಹುಟ್ಟಿದ ಕೋಶಗಳೆಲ್ಲ ಆ ತಪ್ಪಿದ ಅಕ್ಷರವನ್ನೇ ಕಾಪಿ ಮಾಡಿಕೊಂಡಿದ್ದವು.

"ಅಮ್ಮ, ಮುಟ್ಟಬೇಡ! ಇದು ಈ ರೆಂಬೇಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ಸಂಜೆ ಮೇಡಂನ ಕೇಳ್ಕೊಂಡು ಬರ್ತೀನಿ, ಕಡ್ಡಿ ಹಾಕೋಣ" ಎಂದು ಹೇಳಿ, ಡ್ಯೂಟಿಗೆ ಹೊತ್ತಾಯಿತೆಂದು ಓಡಿದೆ. ಅಮ್ಮ ತಲೆಯಾಡಿಸಿದಳು. ನಾನು ನಂಬಿದೆ.

ಸಂಜೆ ಬಂದು ನೋಡಿದರೆ ರೆಂಬೆಯೇ ಇಲ್ಲ! ಬುಡದಿಂದ ಮಾಟವಾಗಿ ಕತ್ತರಿಸಿದೆ. ನಮ್ಮೂರಲ್ಲಿ ಯಾವುದೇ ಹೊಸದು ಮೊದಲು ಬಿಟ್ಟರೂ ಅದು ಊರಮ್ಮನಿಗೆ. ಮೊದಲ ತೆನೆ, ಮೊದಲ ಕಾಯಿ, ಮೊದಲ ಹೂ. ಅದೂ ಹೂವನ್ನು ಚಿವುಟಿ ಕೊಡುವ ಹಾಗಿಲ್ಲ, ಎಲೆ ಕಡ್ಡಿ ಸಮೇತ ಕೊಡಬೇಕು. ಅವತ್ತು ಮಂಗಳವಾರ ಬೇರೆ. ನಮ್ಮಮ್ಮ ಮಿಂದು ಮಡಿಯುಟ್ಟು, ಲೋಕದಲ್ಲಿದ್ದ ಆ ಒಂದೇ ರೆಂಬೆಯನ್ನು ಕತ್ತರಿಸಿಕೊಂಡು ಹೋಗಿ ದೇವಿಯ ಹೆಗಲಿಗೆ ಏರಿಸಿ ಬಂದಿದ್ದಳು.

"ಕತ್ತರಿಸ್ಬಿಟ್ಯಾ? ಅಷ್ಟು ಹೇಳಿದ್ನಲ್ಲಮ್ಮ!"

"ಬಿಡೇ. ಇಪ್ಪತ್ತೈದು ವರ್ಸದಲ್ಲಿ ಇಂಥ ಊವು ಬಿಟ್ಟಿರ್ಲಿಲ್ಲ. ಅಮ್ಮನೇ ಬಂದು ಗೆರೆ ಎಳ್ದು ಓಗವ್ಳೆ. ಅವಳ್ದು ಅವಳಿಗೆ ಕೊಟ್ಟೆ." ಅಮ್ಮನ ಮುಖದಲ್ಲಿ ಎಂಥಾ ಕಳೆ ಅಂತೀರಿ! ಐದಾರು ತಿಂಗಳಲ್ಲಿ ಅವಳು ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿರಲಿಲ್ಲ.

ಆ ಕಳೆ ನೋಡಿಯೇ ನನಗೆ ಪಿತ್ತ ನೆತ್ತಿಗೇರಿತು. "ಭೇಷ್ ಕಣಮ್ಮ. ಹೂವಿಗೆ ಬಿಳಿ ಗೆರೆ ಬಂದ್ರೆ ದೇವರು ಎಳ್ದಿದ್ದು. ನಿನ್ ಮೊಮ್ಮಗಳ ತಲೇಲಿ ಬಂದ್ರೆ ಅತ್ತಿಗೆ ತಪ್ಪು. ಈ ಗಿಡ ಯಾವ ಗ್ರಹಣದಲ್ಲಿ ಸುಣ್ಣ ಮುಟ್ಟಿತ್ತು, ಹೇಳು ನೋಡೋಣ?"

ಅಮ್ಮ ತಿರುಗಿ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಜಗಲಿಯ ಮೇಲೆ ಮೆಲ್ಲಗೆ ಕೂತಳು. ಕೈಬಳೆ ತಿರುಗಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು. "ಅವತ್ತು ಎಲೆ ಅಡಿಕೆ ಕೇಳಿದ್ದು ನಾನೇ ಕಣೇ. ಗ್ರಹಣ ಇನ್ನೂ ಬಿಟ್ಟಿರ್ಲಿಲ್ಲ. ತಡ್ಕಣಕ್ಕಾಗ್ದೆ ಸುಣ್ಣ ಅಚ್ಕೊಡು ಅಂದೆ. ಬಸ್ರಿ ಎಂಗ್ಸು, ನಾನು ಏಳಿದ್ದಕ್ಕೆ ಮುಟ್ಟಿದ್ಲು."

ಐದು ತಿಂಗಳಿಂದ ಅವಳು ಮಗುವನ್ನು ಎತ್ತಿಕೊಳ್ಳದೇ ಇದ್ದುದು ಯಾಕೆಂದು ನನಗೆ ಆಗ ತಿಳಿಯಿತು. ಪಕ್ಕದಲ್ಲಿ ಕೂತು, "ಅದಕ್ಕೆ ಕಾರಣ ಅತ್ತಿಗೇನೂ ಅಲ್ಲ, ನೀನೂ ಅಲ್ಲಮ್ಮ" ಅಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಮಾರನೇ ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಗುಡಿಗೆ ನುಗ್ಗಿದೆ. ಪೂಜಾರಪ್ಪ ಹಿಂದಿನ ದಿನದ ಹೂವೆಲ್ಲ ಬುಟ್ಟಿಗೆ ಹಾಕುತ್ತಿದ್ದ. "ಅಣ್ಣ, ಆ ಗುಲಾಬಿ ರೆಂಬೆ ಕೊಡಣ್ಣ" ಎಂದೆ. "ಬಾಡೋಗೈತಲ್ಲಮ್ಮ, ಏನ್ ಮಾಡ್ತೀಯ?" "ಪ್ರಸಾದ ಅಲ್ವಾ, ಕೊಡು." ಹೂ ಬಾಡಿತ್ತು, ಕಡ್ಡಿ ಇನ್ನೂ ಹಸಿರಿತ್ತು. ಮೇಡಂ ಹೇಳಿದಂತೆ ಅದನ್ನು ಐದು ತುಂಡು ಮಾಡಿ ಕವರುಗಳಲ್ಲಿ ನೆಟ್ಟೆ. ದೇವಿಯ ಹೆಗಲಿಂದ ಇಳಿದು ಬಂದದ್ದು ಎಂದಮೇಲೆ ಕೇಳಬೇಕೆ? ಅಮ್ಮ ಅದಕ್ಕೆ ನೆರಳು ಮಾಡಿದಳು, ನೀರನ್ನು ಕೈಯಲ್ಲೇ ಚಿಮುಕಿಸಿದಳು, ಬಾಡಿಗೆ ಮನೆ ಹುಡುಗರ ಬಾಲು ಆ ಕಡೆ ಬಿದ್ದರೆ ಬಡಿಗೆ ಹಿಡಿದು ನಿಂತಳು. ಎರಡು ಕಡ್ಡಿ ಒಣಗಿದವು. ಮೂರು ಚಿಗುರಿದವು.

ಏಳನೇ ತಿಂಗಳು ಬಂತು, ಅಮ್ಮ ಮಾತೆತ್ತಲಿಲ್ಲ. ಅಣ್ಣ ಒಂದು ದಿನ ಧೈರ್ಯ ಮಾಡಿ "ಅಮ್ಮ, ಕರ್ಕೊಂಡ್ ಬರೋಣ" ಅಂದ. "ಊ ಬಿಡ್ಲಿ ತಡಿ" ಎಂದಳು. ಹೂವಿಗೂ ಸೊಸೆಗೂ ಏನು ಗಂಟು ಎಂದು ಅಣ್ಣ ನನ್ನ ಮುಖ ನೋಡಿದ. ಗೆರೆ ಬರುತ್ತದೆಂದು ಗ್ಯಾರಂಟಿಯೇನಿಲ್ಲ, ರೆಂಬೆ ಪೂರ್ತಿ ಬದಲಾಗಿರುವುದಿಲ್ಲ, ಬದಲಾದ ಭಾಗ ಯಾವ ತುಂಡಿನಲ್ಲಿ ಇದೆಯೋ ಅದರಲ್ಲಿ ಮಾತ್ರ ಬರುತ್ತದೆ ಎಂದು ಮೇಡಂ ಮೊದಲೇ ಹೇಳಿದ್ದರು. ಬರದೇ ಹೋದರೆ ಅಮ್ಮ ಏನೆಂದುಕೊಳ್ಳುತ್ತಾಳೋ, ಅತ್ತಿಗೆಯ ಗತಿಯೇನೋ.

ಮೊದಲ ಗಿಡ ಅರಳಿತು. ಕೆಂಪು. ಎರಡನೆಯದೂ ಕೆಂಪು. ಮೂರನೆಯದರ ಮೊಗ್ಗು ಬಿರಿಯುವ ದಿನ ಕೆಲಸಕ್ಕೆ ರಜೆ ಹಾಕಿ ಕೂತೆ. ಬೆಳಗಿನ ಬಿಸಿಲಿಗೆ ಹೊರಗಿನ ಎಸಳು ಮಡಚಿಕೊಂಡಿತು, ಒಳಗೆ ಬಿಳಿ ಗೆರೆ ನೆಟ್ಟಗೆ ನಿಂತಿತ್ತು.

ಅಮ್ಮ ಬಗ್ಗಿ ನೋಡಿದಳು. ಪಕ್ಕದ ಕೆಂಪನ್ನೂ ನೋಡಿದಳು. "ಒಂದೇ ಕಡ್ಡಿ. ನೀರಾಕ್ದೋಳೂ ನಾನೊಬ್ಳೇ" ಎಂದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು. "ಅಂಗಾದ್ರೆ... ನಾನೂ ಅಲ್ವೇನೇ?"

"ಅಲ್ಲಮ್ಮ. ಯಾರೂ ಅಲ್ಲ."

ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ನಿಮ್ಮಣ್ಣಂಗೆ ಪೋನ್ ಮಾಡು. ಸೋಮವಾರ ಗಾಡಿ ತೆಗೀಲಿ. ಒಂಬತ್ತು ದಾಟಿಸ್ಬಾರ್ದು."

ಸೋಮವಾರ ಆನೇಕಲ್ಲಿಗೆ ಹೋದೆವು. ಅಮ್ಮ ಒಳಗೆ ಕಾಲಿಟ್ಟವಳೇ ಮಗುವನ್ನು ಎತ್ತಿಕೊಂಡು ಬೀಗಿತ್ತಿಯ ಜೊತೆ ಹಿತ್ತಲಿಗೆ ಹೋದಳು. ಅತ್ತಿಗೆ ಬಾಗಿಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಸೊರಗಿ ಹೋಗಿದ್ದಳು.

"ಏನಮ್ಮ, ಕರ್ಕೊಂಡೋಗಿ ಬುಟ್ಟಿಗೆ ಹಾಕಲ್ವಾ?" ಎಂದಳು. ತಮಾಷೆಯಾಗಿ ಹೇಳಲು ನೋಡಿದಳು, ಆಗಲಿಲ್ಲ.

ನಾನು ಗೊಳೋ ಎಂದು ಅತ್ತುಬಿಟ್ಟೆ. ಇಷ್ಟುದ್ದ ಬಾಯಿರುವವಳಿಗೆ "ತಪ್ಪಾಯ್ತು ಅತ್ತಿಗೆ" ಅನ್ನುವುದರ ಮುಂದಕ್ಕೆ ಒಂದಕ್ಷರ ಹೊರಡಲಿಲ್ಲ. ಅವಳು ಸ್ವಲ್ಪ ಹೊತ್ತು ನನ್ನನ್ನು ಅಳಲು ಬಿಟ್ಟಳು. ಅಷ್ಟು ಸಿಟ್ಟಿಗೆ ಅವಳಿಗೆ ಹಕ್ಕಿತ್ತು. ಆಮೇಲೆ "ಸಾಕು, ಮೂಗೊರೆಸ್ಕೋ, ಬ್ಯಾಗ್ ಹಿಡ್ಕೋ" ಎಂದು ಎರಡು ಬ್ಯಾಗನ್ನೂ ನನ್ನ ಕೈಗೇ ಕೊಟ್ಟಳು.

ಮನೆ ಮುಂದೆ ಗಾಡಿ ನಿಂತಾಗ ಅರ್ಧ ಬೀದಿ ಸೇರಿತ್ತು. ಎದುರುಮನೆಯ ಅಜ್ಜಿ ಆರತಿ ತಟ್ಟೆ ಹಿಡಿದು ಬಂದಳು. ಬಂದವಳು ಮಗುವಿನ ಹಣೆಯ ಕಡೆ ಬಗ್ಗಿ, ಎಲ್ಲರಿಗೂ ಕೇಳಿಸುವ ಹಾಗೆ, "ಇದೇನಮ್ಮ ಇದು, ಎಳೇ ಕೂಸಿಗೆ ಬಿಳೀ ಕೂದ್ಲು? ಯಾರ ಕಡೇದು, ನಿಮ್ಮ ಕಡೇದಾ, ಅವರ ಕಡೇದಾ?" ಎಂದು ಕೇಳಿದಳು. ಅತ್ತಿಗೆ ಸೆರಗನ್ನು ಮಗುವಿನ ತಲೆಯ ಮೇಲೆ ಎಳೆಯಲು ಹೋದಳು. ಅಣ್ಣ ಗಾಡಿಯ ಚಕ್ರ ನೋಡತೊಡಗಿದ. ನಾನು ಬಾಯಿ ತೆರೆದೆ.

ನನಗಿಂತ ಮುಂಚೆ ಅಮ್ಮ ಆ ಸೆರಗನ್ನು ಸರಿಸಿದಳು. ಬಿಳಿ ಕುಚ್ಚನ್ನು ಬೆರಳಲ್ಲಿ ನೇವರಿಸಿ ಮೇಲಕ್ಕೆ ನಿಲ್ಲಿಸಿದಳು.

"ಯಾರ ಕಡೇದೂ ಅಲ್ಲ ಕಣಜ್ಜಿ. ಇವಳಿಂದ್ಲೇ ಸುರು. ಇವಳ ಮಕ್ಳು ಮೊಮ್ಮಕ್ಳಿಗೆ ಬಂದ್ರೆ ಯಾರ ಕಡೇದು ಅಂತ ಕೇಳು, ಆಗ ನಮ್ಮ ಕಡೇದು ಅಂತ ಏಳ್ತೀವಿ. ಎಲ್ಲಿ, ಆರತಿ ಎತ್ತು."